ಎಲ್ಲರೂ ಬರೆಯುವ ವಹಿ: ವಿಕಿ ಎಂದರೇನು, ಕಬ್ಬು ಬೆಳೆಗಾರರಿಗೆ ಅದರಿಂದ ಏನು ಪ್ರಯೋಜನ?



ಸಕ್ಕರೆ ಕಾರ್ಖಾನೆಯ ಪ್ಯಾನ್ ವಿಭಾಗದಲ್ಲಿ ಅನುಭವಸ್ಥ ಪ್ಯಾನ್‌ಮನ್ ಕೆಲಸ ಮಾಡುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಕುದಿಯುವ ಪಾಕದಿಂದ ಒಂದು ತೊಟ್ಟು ತೆಗೆದು ಗಾಜಿನ ಚೂರಿಗೆ ಹಚ್ಚುತ್ತಾನೆ. ಬೆಳಕಿಗೆ ಹಿಡಿದು, ಬೆರಳಿನಿಂದ ಒತ್ತಿ ನೋಡುತ್ತಾನೆ. ಹರಳು ಕಟ್ಟುವ ಹದ ಬಂದಿದೆಯೋ ಇಲ್ಲವೋ ಎಂದು ಕ್ಷಣದಲ್ಲಿ ಹೇಳುತ್ತಾನೆ. ಈ ವಿದ್ಯೆ ಅವನಿಗೆ ಇಪ್ಪತ್ತು ಮೂವತ್ತು ಹಂಗಾಮುಗಳಿಂದ ಬಂದದ್ದು. ಹೊಲದ ಕಡೆಯೂ ಹೀಗೆಯೇ. ಯಾವ ಊರಿನ ಯಾವ ದಿಕ್ಕಿನ ನೆಲದಲ್ಲಿ ನೀರು ನಿಲ್ಲುತ್ತದೆ, ಎಲ್ಲಿಯ ಬೀಜದ ಕಬ್ಬಿನಲ್ಲಿ ಹಿಂದೊಮ್ಮೆ ಕಾಡಿಗೆ ರೋಗ ಕಂಡಿತ್ತು, ಯಾವ ಹಳ್ಳದ ದಾರಿಯಲ್ಲಿ ಮಳೆ ಬಿದ್ದರೆ ಕಬ್ಬಿನ ಗಾಡಿ ಸಿಕ್ಕಿಕೊಳ್ಳುತ್ತದೆ ಎಂಬುದೆಲ್ಲ ಹಳೆಯ ಫೀಲ್ಡ್‌ಮನ್‌ಗೆ ಬಾಯಿಪಾಠ.

ಇಂಥವರು ನಿವೃತ್ತರಾದ ದಿನ ಹಾರ ಹಾಕಿ, ಶಾಲು ಹೊದಿಸಿ ಕಳುಹಿಸುತ್ತೇವೆ. ಮರುದಿನದಿಂದ ಅವರ ವಿದ್ಯೆಯೂ ಅವರ ಜೊತೆ ಮನೆಯಲ್ಲಿರುತ್ತದೆ. ಹೊಸಬರು ಮತ್ತೆ ಮೊದಲಿನಿಂದ ಕಲಿಯಬೇಕು. ಆ ಕಲಿಕೆಯ ನಷ್ಟ ಕೊನೆಗೆ ಕಬ್ಬಿನ ಇಳುವರಿಯಲ್ಲಿ, ಸಕ್ಕರೆಯ ರಿಕವರಿಯಲ್ಲಿ, ಅಂದರೆ ಸದಸ್ಯರ ಜೇಬಿನಲ್ಲಿ ಕಾಣುತ್ತದೆ.

ಇದಕ್ಕೆ ಇನ್ನೊಂದು ಮುಖವೂ ಉಂಟು. ಕೆಲವು ತಿಳುವಳಿಕೆ ಹೋಗಬಾರದಾಗ ಹೋಗುತ್ತದೆ. ಇನ್ನು ಕೆಲವು ಹೋಗಬೇಕಾದಾಗಲೂ ಹೋಗುವುದಿಲ್ಲ. ಕೊರೆಯುವ ಹುಳುವಿಗೆ ಸಾಲಿನಲ್ಲಿ ಫೋರೇಟ್ ಹರಳು ಹಾಕಬೇಕೆಂಬ ಸಲಹೆ ಹಿಂದೆ ಸಾಮಾನ್ಯವಾಗಿತ್ತು. ಈ ವಿಷವನ್ನು ತಯಾರಿಸುವುದು, ಮಾರುವುದು, ಬಳಸುವುದು ಎಲ್ಲವನ್ನೂ ಭಾರತ ಸರ್ಕಾರ 2020ರ ಡಿಸೆಂಬರ್ 31ರಿಂದ ನಿಷೇಧಿಸಿದೆ. ಅದಕ್ಕೂ ಮೊದಲು ಅಚ್ಚಾದ ಕರಪತ್ರ ಮಾತ್ರ ಯಾರದೋ ಪಡಸಾಲೆಯ ಗೋಡೆಯ ಮೇಲೆ ಉಳಿದಿದ್ದರೆ, ಅದು ಇಂದಿಗೂ ಅದೇ ಸಲಹೆ ಕೊಡುತ್ತಿರುತ್ತದೆ. ಅಚ್ಚಾದ ಕಾಗದ ತನ್ನನ್ನು ತಾನು ತಿದ್ದಿಕೊಳ್ಳಲಾರದು.

ತಿಳುವಳಿಕೆ ಕಳೆದುಹೋಗದಂತೆ, ಹಳಸಿಯೂ ಹೋಗದಂತೆ ಕಾಯ್ದಿಡುವ ಒಂದು ಸಾಧನವೇ ವಿಕಿ. ಸಣ್ಣ ದೊಡ್ಡ ಉದ್ಯಮಗಳು ಇದನ್ನು ಬಹಳ ವರ್ಷಗಳಿಂದ ಉಪಯೋಗಿಸುತ್ತಿವೆ. ಸಹಕಾರಿ ಸಂಸ್ಥೆಗಳಿಗೂ ಬೆಳೆಗಾರರಿಗೂ ಇದು ಹೇಗೆ ಒದಗಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ವಿಕಿ ಎಂದರೇನು?

ವಿಕಿ ಎಂಬುದು ಗಣಕಯಂತ್ರದಲ್ಲಿ ಇಟ್ಟ ಒಂದು ಸಾಮೂಹಿಕ ವಹಿ. ಮೊಬೈಲ್ ಫೋನಿನಲ್ಲಿಯೂ ಅದನ್ನು ತೆರೆಯಬಹುದು. ಅದರಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಪುಟ. ಓದುವವರೇ ಬರೆಯಲೂಬಹುದು, ತಪ್ಪಿದ್ದರೆ ತಿದ್ದಲೂಬಹುದು.

ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಎಂಬ ತಂತ್ರಜ್ಞರು 1995ರ ಮಾರ್ಚ್ 25ರಂದು ಇಂಥ ಮೊದಲ ವಹಿಯನ್ನು ಸಾರ್ವಜನಿಕರಿಗೆ ತೆರೆದರು. ಹವಾಯಿ ದ್ವೀಪದ ಭಾಷೆಯಲ್ಲಿ ವಿಕಿ ಎಂದರೆ ಬೇಗ ಎಂದರ್ಥ. ಅಲ್ಲಿಯ ಹೊನೊಲುಲು ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ಸಾಗಿಸುವ ಬಸ್ಸಿಗೆ ವಿಕಿ ವಿಕಿ ಎಂದು ಹೆಸರಿತ್ತು. ಅದನ್ನೇ ಅವರು ತಮ್ಮ ವಹಿಗೂ ಇಟ್ಟರು. 2001ರ ಜನವರಿ 15ರಂದು ಇದೇ ಕ್ರಮದಲ್ಲಿ ವಿಕಿಪೀಡಿಯ ಎಂಬ ವಿಶ್ವಕೋಶ ಆರಂಭವಾದ ಮೇಲೆ ವಿಕಿ ಎಂಬ ಮಾತು ಜಗತ್ತಿನಲ್ಲೆಲ್ಲ ಹರಡಿತು. ಕನ್ನಡದ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು.

ಅದು ಕೆಲಸ ಮಾಡುವ ಬಗೆ

ಎಲ್ಲರೂ ಬರೆಯಬಹುದಾದರೆ ಗೊಂದಲವಾಗುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಅದಕ್ಕೆ ವಿಕಿಯಲ್ಲಿ ನಾಲ್ಕು ವ್ಯವಸ್ಥೆಗಳಿವೆ.

1. ಇತಿಹಾಸ: ಒಳ್ಳೆಯ ಲೆಕ್ಕಿಗ ತಪ್ಪು ಅಂಕಿಯನ್ನು ಅಳಿಸುವುದಿಲ್ಲ. ಒಂದು ಗೆರೆ ಎಳೆದು, ಸರಿಯಾದುದನ್ನು ಮೇಲೆ ಬರೆದು ಸಹಿ ಹಾಕುತ್ತಾನೆ. ಕೆಳಗಿನದೂ ಓದಲು ಬರುತ್ತದೆ. ವಿಕಿಯೂ ಹಾಗೆಯೇ. ಪುಟವನ್ನು ಯಾರು, ಯಾವ ದಿನ, ಎಷ್ಟು ಹೊತ್ತಿಗೆ ತಿದ್ದಿದರು, ಮೊದಲು ಏನಿತ್ತು, ಈಗ ಏನಾಯಿತು ಎಂಬುದೆಲ್ಲ ದಾಖಲಾಗುತ್ತದೆ. ಯಾರಾದರೂ ತಪ್ಪು ಬರೆದರೆ ಹಿಂದಿನ ಪುಟವನ್ನು ಒಂದೇ ಕ್ಷಣದಲ್ಲಿ ಮರಳಿ ತರಬಹುದು.

2. ಕೊಂಡಿ: ಕೂಳೆ ಬೆಳೆಯ ಪುಟದಲ್ಲಿ ರವದಿ ಎಂಬ ಮಾತು ಬಂದರೆ ಅದನ್ನು ರವದಿ ನಿರ್ವಹಣೆಯ ಪುಟಕ್ಕೆ ಜೋಡಿಸಬಹುದು. ಮಾತನ್ನು ಒತ್ತಿದರೆ ಆ ಪುಟ ತೆರೆಯುತ್ತದೆ. ಒಂದೇ ವಿಷಯವನ್ನು ಹತ್ತು ಕಡೆ ಬರೆಯಬೇಕಾಗಿಲ್ಲ.

3. ಚರ್ಚೆ: ಅನೇಕ ವಿಕಿಗಳಲ್ಲಿ ಪ್ರತಿ ಪುಟದ ಬೆನ್ನಿಗೆ ಚರ್ಚೆಯ ಜಾಗವಿರುತ್ತದೆ. ಅಭಿಪ್ರಾಯಭೇದವಿದ್ದರೆ ಅಲ್ಲಿ ವಾದಿಸಿ, ಒಪ್ಪಿಗೆಯಾದುದನ್ನು ಪುಟಕ್ಕೆ ಸೇರಿಸಬಹುದು.

4. ಅಧಿಕಾರ: ಯಾರು ಓದಬಹುದು, ಯಾರು ತಿದ್ದಬಹುದು, ಯಾರು ಮಂಜೂರು ಮಾಡಬಹುದು ಎಂಬುದನ್ನು ಸಂಸ್ಥೆಯೇ ಗೊತ್ತುಪಡಿಸಿಕೊಳ್ಳಬಹುದು. ಜಗತ್ತಿಗೆಲ್ಲ ತೆರೆದಿಡಲೇಬೇಕೆಂಬ ನಿಯಮವೇನೂ ಇಲ್ಲ. ಈ ವ್ಯವಸ್ಥೆ ಕೆಲವು ವಿಕಿಗಳಲ್ಲಿ ಚೆನ್ನಾಗಿದೆ, ಕೆಲವದರಲ್ಲಿ ಅಷ್ಟಿಲ್ಲ. ಆರಿಸುವಾಗ ಇದನ್ನು ನೋಡಿಕೊಳ್ಳತಕ್ಕದ್ದು.

ಬರೆದದ್ದನ್ನು ತಿದ್ದುವುದು ಏಕೆ ಅಷ್ಟು ಮುಖ್ಯವೆಂಬುದಕ್ಕೆ ಕಬ್ಬಿನ ತಳಿಗಳೇ ಸಾಕ್ಷಿ. ಕೋ-0238 ಎಂಬ ತಳಿ 2009ರಲ್ಲಿ ಉತ್ತರ ಭಾರತಕ್ಕಾಗಿ ಬಿಡುಗಡೆಯಾಯಿತು. ಇಳುವರಿಯೂ ಹೆಚ್ಚು, ರಿಕವರಿಯೂ ಹೆಚ್ಚು. ಕೆಲವೇ ವರ್ಷಗಳಲ್ಲಿ ಉತ್ತರ ಪ್ರದೇಶದ ಕಬ್ಬಿನ ಬಹುಪಾಲನ್ನು ಅದೇ ಆವರಿಸಿತು. ಮುಂದೆ ಅದೇ ತಳಿ ಕೆಂಪು ಕೊಳೆ ರೋಗಕ್ಕೆ ತುತ್ತಾಗಿ, ಅದನ್ನು ಬಿಟ್ಟು ಬೇರೆ ತಳಿ ಹಚ್ಚಿರೆಂದು ರೈತರಿಗೆ ಹೇಳಬೇಕಾಯಿತು. ಮೊದಲು ಹೊಗಳಿ ಬರೆದವರು ಸುಳ್ಳು ಬರೆದಿರಲಿಲ್ಲ. ಆದರೆ ಆ ಬರಹ ತಿದ್ದುಪಡಿಯಾಗದೆ ಉಳಿದರೆ ಓದಿದವನು ಕೆಡುತ್ತಾನೆ.

ಬೀಜದ ಮಾತು, ತಂತ್ರಾಂಶದ ಮಾತು

ಇನ್ನು ಮುಕ್ತ ತಂತ್ರಾಂಶವೆಂದರೇನು ಎಂಬುದನ್ನು ನೋಡೋಣ. ಇದನ್ನು ತಿಳಿಯಲು ಜಹೀರಾಬಾದಿನ ಪಕ್ಕದ ಪಸ್ತಾಪುರಕ್ಕೆ ಹೋದರೆ ಸಾಕು. ಅಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನವರು, 2023ರ ಮಾರ್ಚಿಯಲ್ಲಿ ತೀರಿಕೊಂಡರು. ಸುತ್ತಲಿನ ಹಳ್ಳಿಗಳ ಮಹಿಳಾ ಸಂಘಗಳು ನವಣೆ, ಸಾಮೆ, ಜೋಳ, ತೊಗರಿ ಮೊದಲಾದ ನಾಟಿ ಬೀಜಗಳನ್ನು ಕೂಡಿಟ್ಟು ಬೀಜದ ಬ್ಯಾಂಕುಗಳನ್ನು ಮಾಡಿಕೊಂಡವು. ಬೀಜ ಒಯ್ದವರು ಬೆಳೆ ಬಂದ ಮೇಲೆ ಒಯ್ದದ್ದಕ್ಕಿಂತ ಹೆಚ್ಚು ಬೀಜವನ್ನು ಹಿಂದಿರುಗಿಸುತ್ತಾರೆ. ಹೀಗಾಗಿ ಕಣಜ ಬರಿದಾಗುವುದಿಲ್ಲ. ಒಬ್ಬರ ಬೀಜ ಇನ್ನೊಬ್ಬರ ಹೊಲಕ್ಕೆ ಹೋಗುತ್ತದೆ.

ಮುಕ್ತ ತಂತ್ರಾಂಶದ ಒಪ್ಪಂದವೂ ಇದೇ ಜಾತಿಯದು. ತಂತ್ರಾಂಶವನ್ನು ಬರೆದ ಮೂಲ ಸಂಕೇತಗಳನ್ನು ಎಲ್ಲರಿಗೂ ಕೊಡಲಾಗುತ್ತದೆ. ಯಾರು ಬೇಕಾದರೂ ತೆಗೆದುಕೊಂಡು ಬಳಸಬಹುದು, ಒಳಗೆ ಏನಿದೆಯೆಂದು ನೋಡಬಹುದು, ತಮಗೆ ಬೇಕಾದಂತೆ ಬದಲಾಯಿಸಿಕೊಳ್ಳಬಹುದು. ಜಿ.ಪಿ.ಎಲ್. ಎಂಬ ಪ್ರಸಿದ್ಧ ಪರವಾನಿಗೆಯ ಪ್ರಕಾರ, ಬದಲಾಯಿಸಿದ್ದನ್ನು ಬೇರೆಯವರಿಗೆ ಹಂಚುವುದಾದರೆ ಅವರಿಗೂ ಅದೇ ಸ್ವಾತಂತ್ರ್ಯ ಕೊಡತಕ್ಕದ್ದು. ಸುಧಾರಿಸಿದ ಬೀಜವನ್ನು ಬೀಗ ಹಾಕಿ ಇಟ್ಟುಕೊಳ್ಳುವಂತಿಲ್ಲ ಎಂದ ಹಾಗೆ.

ಇದರಿಂದ ಸಂಸ್ಥೆಗೆ ಏನು ಲಾಭ? ತಂತ್ರಾಂಶವನ್ನು ಬೇರೊಂದು ಕಂಪನಿಯ ಹಿಡಿತದಲ್ಲಿ ಇಟ್ಟರೆ ಏನಾಗಬಹುದೆಂಬುದಕ್ಕೆ ಒಂದು ಸಂಗತಿ ನೋಡಿರಿ. ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿಯ ಕಾನ್‌ಫ್ಲುಯೆನ್ಸ್ ಎಂಬ ವಿಕಿ ತಂತ್ರಾಂಶವನ್ನು ಅನೇಕ ಉದ್ಯಮಗಳು ಹಣ ಕೊಟ್ಟು ಕೊಂಡು ತಮ್ಮದೇ ಯಂತ್ರಗಳಲ್ಲಿ ನಡೆಸುತ್ತಿದ್ದವು. ಅದರ ಸರ್ವರ್ ಆವೃತ್ತಿಗೆ ಕೊಡುತ್ತಿದ್ದ ಬೆಂಬಲವನ್ನು ಕಂಪನಿ 2024ರ ಫೆಬ್ರವರಿ 15ಕ್ಕೆ ನಿಲ್ಲಿಸಿತು. ಅದನ್ನೇ ನಂಬಿದ್ದವರು ಹೊಸ ಕರಾರಿಗೆ ಒಪ್ಪಬೇಕು, ಇಲ್ಲವೇ ಬೇರೆ ತಂತ್ರಾಂಶ ಹುಡುಕಬೇಕು ಎಂಬಂತಾಯಿತು. ಮುಕ್ತ ತಂತ್ರಾಂಶದಲ್ಲಿ ಬರೆದವರು ಕೈಬಿಟ್ಟರೂ ಬೇರೆಯವರು ಮುಂದುವರಿಸಬಹುದು. ಸದಸ್ಯರ ತಿಳುವಳಿಕೆ ಸದಸ್ಯರ ಕೈಯಲ್ಲೇ ಉಳಿಯುತ್ತದೆ.

ಇಂಥ ಮುಕ್ತ ವಿಕಿ ತಂತ್ರಾಂಶಗಳು ಹಲವಿವೆ. ಮುಖ್ಯವಾದವು ಇವು:

ಮೀಡಿಯಾವಿಕಿ: ವಿಕಿಪೀಡಿಯ ನಡೆಯುವುದು ಇದರ ಮೇಲೆ. ಸಾವಿರಾರು ಪುಟಗಳಾದರೂ ತಡೆಯುತ್ತದೆ. ಕನ್ನಡ, ತೆಲುಗು, ಉರ್ದು, ಮರಾಠಿ ನಾಲ್ಕರಲ್ಲಿಯೂ ವಿಕಿಪೀಡಿಯ ಇದರಲ್ಲಿಯೇ ನಡೆಯುತ್ತಿರುವುದರಿಂದ ಭಾಷೆಯ ತೊಡಕಿಲ್ಲ. ಆದರೆ ಎಲ್ಲರಿಗೂ ತೆರೆದ ವಹಿಯೆಂದೇ ಇದನ್ನು ರೂಪಿಸಿದ್ದು. ಕೆಲವರಿಗಷ್ಟೇ ಕಾಣಬೇಕಾದ ಗುಟ್ಟಿನ ಪುಟಗಳಿಗೆ ಇದು ಸೂಕ್ತವಲ್ಲ.

ಡೋಕುವಿಕಿ: 2004ರಲ್ಲಿ ಬಂದದ್ದು. ಪುಟಗಳನ್ನು ಸಾದಾ ಅಕ್ಷರದ ಕಡತಗಳಾಗಿ ಇಡುತ್ತದೆ. ಪ್ರತ್ಯೇಕ ದತ್ತಸಂಚಯ ಬೇಡ, ದೊಡ್ಡ ಯಂತ್ರವೂ ಬೇಡ. ಯಾರು ಯಾವ ಪುಟ ನೋಡಬಹುದೆಂಬ ಕಟ್ಟುಪಾಡು ಇದರೊಳಗೇ ಇದೆ. ಸಣ್ಣ ಸಂಸ್ಥೆಗೆ ಅನುಕೂಲ.

ಬುಕ್‌ಸ್ಟ್ಯಾಕ್: ಕಪಾಟು, ಪುಸ್ತಕ, ಅಧ್ಯಾಯ, ಪುಟ ಎಂಬ ಕ್ರಮದಲ್ಲಿ ಜೋಡಿಸುತ್ತದೆ. ಗಣಕಯಂತ್ರದ ಪರಿಚಯ ಕಡಿಮೆ ಇರುವವರಿಗೂ ಬೇಗ ತಿಳಿಯುತ್ತದೆ.

ಎಕ್ಸ್‌ವಿಕಿ: ನಮೂನೆಗಳು, ಪಟ್ಟಿಗಳು ಬೇಕಾಗುವ ದೊಡ್ಡ ಉದ್ಯಮಗಳಿಗೆ ತಕ್ಕದ್ದು.

ತಂತ್ರಾಂಶಕ್ಕೆ ಬೆಲೆ ಇಲ್ಲವೆಂದ ಮಾತ್ರಕ್ಕೆ ಖರ್ಚೇ ಇಲ್ಲವೆಂದು ತಿಳಿಯಬಾರದು. ಯಂತ್ರ ಬೇಕು, ವಿದ್ಯುತ್ತು ಬೇಕು, ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕು. ಇಡೀ ವಹಿಯ ಪ್ರತಿಯನ್ನು ವಾರಕ್ಕೊಮ್ಮೆಯಾದರೂ ತೆಗೆದು ಬೇರೆ ಕಟ್ಟಡದಲ್ಲಿ ಇಡಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬಂತೆ ಚಿಕ್ಕದರಿಂದ ಆರಂಭಿಸುವುದು ಲೇಸು.

ಉಣ್ಣೆ ಹೇನಿನ ಪಾಠ

ಇದೆಲ್ಲ ಹೊಲಕ್ಕೆ ಹೇಗೆ ಉಪಯೋಗವೆಂದು ಕೇಳುವವರು 2002ನೆಯ ವರ್ಷವನ್ನು ನೆನಪು ಮಾಡಿಕೊಳ್ಳಬೇಕು. ಆ ವರ್ಷ ಮಹಾರಾಷ್ಟ್ರದ ಸಾಂಗಲಿ ಕಡೆ ಕಬ್ಬಿನ ಎಲೆಯ ಕೆಳಮೈಗೆ ಬಿಳಿ ಹತ್ತಿ ಅಂಟಿದಂತೆ ಉಣ್ಣೆ ಹೇನು ಕಾಣಿಸಿತು. ಕೆಲವೇ ತಿಂಗಳಲ್ಲಿ ಉತ್ತರ ಕರ್ನಾಟಕಕ್ಕೂ ಬಂತು. ಹೇನು ಸುರಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಬೆಳೆ ಸೊರಗಿತು. ಹೆದರಿದ ರೈತರು ಸಿಕ್ಕ ಸಿಕ್ಕ ಔಷಧ ಹೊಡೆದರು. ಅತ್ತ ಅದೇ ಹೊಲಗಳಲ್ಲಿ ಆ ಹೇನನ್ನೇ ತಿಂದು ಬದುಕುವ ಡೈಫಾ ಎಂಬ ಹುಳುವೂ ಮೈಕ್ರೋಮಸ್ ಎಂಬ ಕೀಟವೂ ಬೆಳೆಯುತ್ತಿದ್ದವು. ಔಷಧ ಹೊಡೆದಲ್ಲಿ ಈ ಮಿತ್ರಕೀಟಗಳೂ ಸತ್ತವು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮೊದಲಾದ ಕಡೆ ವಿಜ್ಞಾನಿಗಳು ಇವುಗಳನ್ನು ಬೆಳೆಸಿ ಬಿಡುವ ಕ್ರಮವನ್ನು ರೂಢಿಸಿದ ಮೇಲೆ ಹೇನು ಹತೋಟಿಗೆ ಬಂತು.

ಎಲೆ ತಿರುಗಿಸಿ ನೋಡಿ, ಹೇನಿನ ನಡುವೆ ಬೇರೊಂದು ಹುಳು ಮೇಯುತ್ತಿರುವುದನ್ನು ಕಂಡ ರೈತರು ಅಂದೂ ಇದ್ದಿರಲೇಬೇಕು. ಆದರೆ ಕಂಡದ್ದನ್ನು ಪಕ್ಕದ ತಾಲ್ಲೂಕಿನವರು ಅದೇ ವಾರ ತಿಳಿಯುವ ದಾರಿ ಇರಲಿಲ್ಲ. ವಿಕಿಯೊಂದು ಇದ್ದರೆ ಅದರ ನಡೆ ಹೀಗಿರಬಹುದು. ಮೊದಲ ದಿನ ಒಬ್ಬ ಬೆಳೆಗಾರ ಎಲೆಯ ಚಿತ್ರ ತೆಗೆದು ಪುಟಕ್ಕೆ ಸೇರಿಸುತ್ತಾನೆ. ಫೀಲ್ಡ್‌ಮನ್ ಊರು, ತಳಿ, ನಾಟಿಯ ತಾರೀಖು ಬರೆಯುತ್ತಾನೆ. ಕಬ್ಬು ಅಭಿವೃದ್ಧಿ ಅಧಿಕಾರಿ ಅದು ಉಣ್ಣೆ ಹೇನು ಹೌದೋ ಅಲ್ಲವೋ ಎಂದು ಖಚಿತಪಡಿಸುತ್ತಾರೆ. ಇನ್ನೊಂದು ಊರಿನವರು ಮಿತ್ರಕೀಟ ಎಲ್ಲಿ ಹೇರಳವಾಗಿದೆ ಎಂದು ಸೇರಿಸುತ್ತಾರೆ. ವಾರದೊಳಗೆ ಆ ಪುಟ ಯಾವೊಬ್ಬ ವ್ಯಕ್ತಿಗೂ ಒಂಟಿಯಾಗಿ ತಿಳಿಯದಷ್ಟನ್ನು ಹೇಳುತ್ತದೆ.

ಖಚಿತವಾದುದು, ಅನುಭವದ್ದು

ಕೃಷಿಯಲ್ಲಿ ಈ ಪ್ರಯೋಗ ನಮ್ಮ ದೇಶದಲ್ಲಿ ನಡೆದಿದೆ. ಕಾನ್ಪುರದ ಐ.ಐ.ಟಿ.ಯ ಮುಂದಾಳುತನದಲ್ಲಿ 2009ರಲ್ಲಿ ಅಗ್ರೋಪೀಡಿಯ ಎಂಬ ಕೃಷಿ ಜ್ಞಾನಕೋಶ ಆರಂಭವಾಯಿತು. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಮತ್ತು ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಅದರಲ್ಲಿ ಪಾಲುದಾರರಾಗಿದ್ದವು. ಅದರಲ್ಲಿ ಎರಡು ವಿಭಾಗ ಮಾಡಿದ್ದರು. ತಜ್ಞರು ಪರಿಶೀಲಿಸಿ ಒಪ್ಪಿದ ಬರಹಕ್ಕೆ ಜ್ಞಾನಧಾರಾ ಎಂದೂ, ಎಲ್ಲರೂ ತಮ್ಮ ಅನುಭವ ಬರೆಯುವ ಜಾಗಕ್ಕೆ ಜನಜ್ಞಾನ ಎಂದೂ ಹೆಸರು. ಈ ಎರಡನ್ನೂ ಬೇರೆ ಬೇರೆ ಇಟ್ಟದ್ದು ಬಹಳ ವಿವೇಕದ ಕೆಲಸ. ಒಬ್ಬ ರೈತ ತನ್ನ ಹೊಲದಲ್ಲಿ ಫಲಿಸಿತೆಂದು ಬರೆದದ್ದು ಬೆಲೆಯುಳ್ಳ ಮಾತು. ಆದರೂ ಅದು ಎಲ್ಲ ಹೊಲಕ್ಕೂ ಹೊಂದುವ ಶಿಫಾರಸು ಆಗಲಾರದು. ವಿಶೇಷವಾಗಿ ವಿಷದ ಪ್ರಮಾಣ, ಗೊಬ್ಬರದ ಪ್ರಮಾಣಗಳನ್ನು ತಜ್ಞರ ಒಪ್ಪಿಗೆ ಇಲ್ಲದೆ ಸಲಹೆಯಾಗಿ ಪ್ರಕಟಿಸಬಾರದು.

ಬರೆಯಲು ಬಾರದವರ ವಿದ್ಯೆ

ನಮ್ಮ ಬೆಳೆಗಾರರಲ್ಲಿ ಅನೇಕ ಹಿರಿಯರಿಗೆ ಬರವಣಿಗೆ ರೂಢಿ ಇಲ್ಲ. ಭಾಷೆಯೂ ಒಂದಲ್ಲ. ಜಹೀರಾಬಾದ್, ನಾರಾಯಣಖೇಡ ಭಾಗಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಹಳೆಯ ಕಾಗದಪತ್ರದಲ್ಲಿ ಉರ್ದು ಎಂಬುದು ಇಲ್ಲಿಯ ಜನರಿಗೆ ಹೊಸದೇನೂ ಅಲ್ಲ. ಹೀಗಿರುವಾಗ ಒಂದೇ ಭಾಷೆಯ, ಬರೀ ಅಕ್ಷರದ ವಹಿ ಮಾಡಿದರೆ ಅರ್ಧ ವಿದ್ಯೆ ಹೊರಗೇ ಉಳಿಯುತ್ತದೆ.

ಇದಕ್ಕೂ ದಾರಿಯನ್ನು ಈ ನೆಲವೇ ತೋರಿಸಿದೆ. ಜಹೀರಾಬಾದ್ ಬಳಿಯ ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೋ ಆರಂಭವಾಯಿತು. ಹಳ್ಳಿಯ ದಲಿತ ಹೆಣ್ಣುಮಕ್ಕಳೇ ಧ್ವನಿಮುದ್ರಣ ಮಾಡಿ, ಬೀಜದ ಮಾತು, ಬೆಳೆಯ ಮಾತು, ಹಾಡುಗಳನ್ನು ಪ್ರಸಾರ ಮಾಡಿದರು. ಅಕ್ಷರ ಬಾರದಿದ್ದರೂ ತಿಳುವಳಿಕೆಯನ್ನು ದಾಖಲಿಸಲು ಬರುತ್ತದೆಂದು ಅವರು ಮಾಡಿ ತೋರಿಸಿದರು. ವಿಕಿಯ ಪುಟಕ್ಕೂ ಧ್ವನಿಯನ್ನು, ಚಿತ್ರವನ್ನು ಸೇರಿಸಬಹುದು. ಹಿರಿಯರು ಹೇಳಲಿ, ಮೊಮ್ಮಕ್ಕಳು ಫೋನಿನಲ್ಲಿ ಮುದ್ರಿಸಲಿ, ಓದಿದವರು ಅದನ್ನು ಅಕ್ಷರಕ್ಕಿಳಿಸಲಿ. ಒಂದೇ ಪುಟವನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಇಡಲಿ.

ಆರಂಭಿಸುವ ಕ್ರಮ

ಯಾವುದೇ ಸಹಕಾರಿ ಸಂಸ್ಥೆ ವಿಕಿ ಮಾಡಬೇಕೆಂದರೆ ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

1. ಮೊದಲು ಇಪ್ಪತ್ತೇ ಪುಟ ಸಾಕು. ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಂದ ಆರಂಭಿಸಿರಿ: ಬೀಜೋಪಚಾರ, ಕೂಳೆಯ ಪಾಲನೆ, ಹನಿ ನೀರಾವರಿಯ ಕೊಳವೆ ಕಟ್ಟಿಕೊಂಡರೆ ಏನು ಮಾಡಬೇಕು, ಕಟಾವಿನ ಸರದಿ ಹೇಗೆ ನಿರ್ಧಾರವಾಗುತ್ತದೆ ಇತ್ಯಾದಿ.

2. ವಹಿಗೆ ಒಬ್ಬ ಪಾಲಕರನ್ನು ನೇಮಿಸಿರಿ. ಯಾರೂ ನೋಡಿಕೊಳ್ಳದ ವಿಕಿ ಕಳೆ ಬೆಳೆದ ಹೊಲವಿದ್ದಂತೆ. ವಿಕಿಗಳು ಸೊರಗುವುದು ತಂತ್ರಾಂಶದ ದೋಷಕ್ಕಿಂತ ಹೆಚ್ಚಾಗಿ ಈ ಕಾರಣದಿಂದ.

3. ನಿವೃತ್ತಿಗೆ ಒಂದು ವರ್ಷ ಇರುವಾಗಲೇ ಅನುಭವಸ್ಥರನ್ನು ಕೂಡಿಸಿ, ಅವರ ಮಾತನ್ನು ಬರೆಸಿಕೊಳ್ಳಿರಿ. ಕೊನೆಯ ದಿನದ ಸಮಾರಂಭದಲ್ಲಿ ಆ ಕೆಲಸ ಆಗದು.

4. ಪ್ರತಿ ಸಲಹೆಯ ಪುಟದಲ್ಲಿ ಪರಿಶೀಲಿಸಿದ ತಾರೀಖು ಇರಲಿ. ಹಂಗಾಮಿಗೊಮ್ಮೆ ಎಲ್ಲ ಪುಟಗಳನ್ನೂ ಮರುಪರಿಶೀಲನೆ ಮಾಡಿರಿ.

5. ಬರೆದವರ ಹೆಸರು ಕಾಣಲಿ. ತಿದ್ದಿಸಿಕೊಂಡವರು ಅವಮಾನವೆಂದು ಭಾವಿಸದಿರಲಿ.

6. ಸದಸ್ಯರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಸಾಲದ ವಿವರ, ಜಗಳ ತಂಟೆಗಳ ಮಾತು ವಿಕಿಯಲ್ಲಿ ಬೇಡ. ತೂಕ ಮತ್ತು ಬಿಲ್ಲಿನ ಲೆಕ್ಕಕ್ಕೂ ವಿಕಿ ತಕ್ಕದ್ದಲ್ಲ. ಅದಕ್ಕೆ ಬೇರೆಯೇ ಲೆಕ್ಕಪತ್ರದ ವ್ಯವಸ್ಥೆ ಇರುತ್ತದೆ.

ಬೆಳೆಗಾರರು ಇಂದೇ ಮಾಡಬಹುದಾದದ್ದು

ಗಣಕಯಂತ್ರ ಬರುವವರೆಗೆ ಕಾಯಬೇಕಾಗಿಲ್ಲ. ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿರಿ. ಹೊಲದ ಸರ್ವೆ ನಂಬರು, ತಳಿ, ಬೀಜದ ಕಬ್ಬು ಎಲ್ಲಿಂದ ತಂದದ್ದು, ನಾಟಿಯ ತಾರೀಖು, ನೀರು ಕೊಟ್ಟ ದಿನಗಳು, ಹಾಕಿದ ಗೊಬ್ಬರ, ಕಂಡ ರೋಗ, ಕಟಾವಿನ ತಾರೀಖು, ಬಂದ ಟನ್ನು ಇವನ್ನು ಬರೆಯುತ್ತಾ ಹೋಗಿರಿ. ತಪ್ಪಾದಲ್ಲಿ ಹಾಳೆ ಹರಿಯದೆ ಗೆರೆ ಎಳೆದು ತಿದ್ದಿರಿ. ಬೆಳೆ ಕೆಟ್ಟ ವರ್ಷದ ವಿವರವನ್ನು ಹೆಚ್ಚು ಎಚ್ಚರದಿಂದ ಬರೆಯಿರಿ. ಮುಂದಿನವರಿಗೆ ಅದೇ ಹೆಚ್ಚು ಉಪಯೋಗ. ನಾಳೆ ವಿಕಿ ಬಂದಾಗ ಅದರೊಳಗೆ ತುಂಬಲು ಇಂಥ ವಹಿಗಳೇ ಬೇಕು. ತಂತ್ರಾಂಶ ಬರೀ ಕಣಜ. ಕಾಳು ಹೊಲದಿಂದಲೇ ಬರಬೇಕು.